ದೊಡ್ಡ ಹೋಳು, ಚಿಕ್ಕ ಹೋಳು

"ನಾನು ತಗೊಂಡೆನಾ, ಇಲ್ಲವಾ?"

ಅಕ್ಕ ಇದನ್ನು ಯಾರನ್ನೂ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ, ಖಾಲಿ ಲೋಟವನ್ನು ಎದೆಗೆ ಒತ್ತಿಕೊಂಡು ನಿಂತು, ಎದುರಿನ ಬಿಳಿ ಗೋಡೆಯನ್ನು ಕೇಳಿದಳು. ಗೋಡೆ ಸುಮ್ಮನಿತ್ತು. ಬಚ್ಚಲಿನ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದು ನಿಂತಿದ್ದ ತಮ್ಮನ ಕೈಯ ರೇಜರು ದವಡೆಯ ಮೂಳೆಯ ಮೇಲೆ ತಡೆದು ನಿಂತಿತು. ತಗೊಂಡೆ ಅಕ್ಕ, ಈಗತಾನೆ ತಗೊಂಡೆ, ನನ್ನ ಹೆಂಡತಿ ನಿನ್ನ ಅಂಗೈಗೆ ಮಾತ್ರೆ ಹಾಕಿದ್ದನ್ನು ನಾನೇ ನೋಡಿದೆ ಎಂದು ಇಲ್ಲಿಂದಲೇ ಕೂಗಿ ಹೇಳಬಹುದಿತ್ತು. ಬಾಯಿ ತೆರೆದರೆ ನೊರೆ ಒಳಗೆ ಹೋಗುತ್ತದೆ ಎಂದು ತನಗೆ ತಾನೇ ಒಂದು ನೆಪ ಹೇಳಿಕೊಂಡ. ನೆಪ ಹುಡುಕುವುದರಲ್ಲಿ ಅವನ ಮನಸ್ಸು ಇತ್ತೀಚೆಗೆ ಅವನ ಕತ್ತರಿಗಿಂತ ಚುರುಕಾಗಿತ್ತು. ಅಕ್ಕ ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದಳು, ನೀರಿನಲ್ಲಿ ಮಾತ್ರೆಯ ಸಾಕ್ಷಿ ಏನಾದರೂ ಉಳಿದಿರಬಹುದೇನೋ ಎಂಬಂತೆ. ಆಮೇಲೆ, ಮೆಟ್ಟಿಲು ಗಟ್ಟಿಯಿದೆಯೇ ಎಂದು ಕಾಲಿನಿಂದ ತಡವಿ ನೋಡುವವರ ಹಾಗೆ, ಮೆಲ್ಲನೆಯ ರಾಗದಲ್ಲಿ ಒಂದು ಪದ್ಯ ಎತ್ತಿದಳು. "ತೂಗಿ ಕೊಟ್ಟವನರಿಯ ತೂಕವ..." ಅಲ್ಲಿಗೆ ನಿಂತಿತು. ತುಟಿ ಕೂಡಿಸಿ "ಬಾ..." ಎಂದಳು, ಬಿಟ್ಟಳು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲಿಗೇ. ಮುಂದಿನ ಸಾಲು ಅವನಿಗೆ ಗೊತ್ತಿತ್ತು, ಅಂಬೆಗಾಲಿಡುವಾಗಿನಿಂದ ಕೇಳಿದ್ದು. ಕನ್ನಡಿಯೊಳಗಿನ ಅವನ ತುಟಿ ಅದನ್ನು ಪೂರ್ತಿ ಹೇಳಿತು, ದನಿ ಬರಲಿಲ್ಲ. ಅಕ್ಕ ಲೋಟ ತೊಳೆಯಲು ಹೋದಳು. ರೇಜರು ಕೆಳಗಿಳಿದದ್ದೇ ದವಡೆಯ ಕೆಳಗೆ ಸಣ್ಣಗೆ ರಕ್ತ ಜಿನುಗಿತು. ಊರಿಗೆಲ್ಲ ಅಂಗಿ ಕತ್ತರಿಸುವವನು ತನ್ನ ಗಡ್ಡ ನೆಟ್ಟಗೆ ಕತ್ತರಿಸಿಕೊಳ್ಳಲಾರ ಎಂದು ಹೆಂಡತಿ ನಗುತ್ತಾಳೆ. ನಗಲಿ.

ಅಕ್ಕನ ನೆನಪಿನ ಮೇಲೆ ಸಂಶಯ ಪಡುವುದೆಂದರೆ ನೆಲದ ಮೇಲೆ ಸಂಶಯ ಪಟ್ಟ ಹಾಗೆ. ತಾಯಿ ಹೋದಾಗ ಅವನಿಗೆ ಹಲ್ಲು ಬೀಳುವ ವಯಸ್ಸು. ತಂದೆ ಕೆಲಸದಿಂದ ಬಂದು ಗೋಡೆಗೊರಗಿ ಕೂತು ಪದ್ಯ ಹೇಳುತ್ತಿದ್ದರು, ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದಳು, ಒಂದು ಸಲ ಕೇಳಿದ್ದು ಅವಳ ಪಾಲಿಗೆ ಕಲ್ಲಲ್ಲಿ ಕೊರೆದ ಹಾಗೆ. ಪುಸ್ತಕ ಆ ಮನೆಯಲ್ಲಿರಲಿಲ್ಲ. ಇದ್ದರೂ ಅದರ ಅಗತ್ಯವಿರಲಿಲ್ಲ. ದೇವರು ಕಿವಿಯ ದಾರಿಯಲ್ಲೇ ಬರುತ್ತಾನೆ ಕಣೋ, ಕಣ್ಣಿನ ದಾರಿ ಬರೀ ಅಂಗಡಿ ಬೀದಿ ಎನ್ನುತ್ತಿದ್ದಳು. ಅವನಿಗೆ ಕತ್ತರಿ ಹಿಡಿಯಲು ಕಲಿಸಿದ್ದೂ ಪದ್ಯದ ಮೇಲೆಯೇ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ, ಅವನ ಬೆರಳಿನ ಮೇಲೆ ಅವಳ ಬೆರಳು, ಸಾಲು ಸಾಗುವವರೆಗೆ ಕತ್ತರಿ ಸಾಗಬೇಕು, ಉಸಿರು ನಿಲ್ಲುವ ಕಡೆ ಕತ್ತರಿ ನಿಲ್ಲಬೇಕು. ನಡುವೆ ನಿಲ್ಲಿಸಿದರೆ ಬಟ್ಟೆಗೆ ಹಲ್ಲು ಬೀಳುತ್ತೆ ಪುಟ್ಟಾ. ಆ ಪುಟ್ಟನೇ ಈಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತಲೆಯೆಲ್ಲ ನರೆತ ಕಟಿಂಗ್ ಮಾಸ್ಟರ್; ಒಂದರ ಮೇಲೊಂದು ಹಾಸಿದ ಬಟ್ಟೆಯ ದಪ್ಪ ಪದರನ್ನು ಬೆಣ್ಣೆಯ ಹಾಗೆ ಕೊಯ್ಯುವವನು. ಮಾಸ್ಟರ ಗೆರೆ ಅಂದರೆ ಗೆರೆ ಎಂದು ಅಲ್ಲಿ ಮಾತಿದೆ. ಆ ಮಾತು ಬಿದ್ದಾಗಲೆಲ್ಲ ಕಿವಿಯ ತುದಿ ಬೆಚ್ಚಗಾಗುತ್ತಿತ್ತು. ಈಗ ಆಗುವುದಿಲ್ಲ.

ಡಾಕ್ಟರು ದಿನಕ್ಕೆ ಅರ್ಧ ಮಾತ್ರೆ ಎಂದಿದ್ದರು. ಎದೆಬಡಿತ ಹದವಾಗಿಡುವ ಮಾತ್ರೆ, ಚಿಕ್ಕದು, ದುಂಡನೆಯದು, ಬೆನ್ನಿನ ಮೇಲೆ ಮುರಿಯುವ ಗೆರೆಯಿಲ್ಲದ್ದು. ಇದರಲ್ಲಿ ಅರ್ಧ ಶಕ್ತಿಯದು ಬರುವುದಿಲ್ಲ, ಮನೆಯಲ್ಲೇ ಕತ್ತರಿಸಿಕೊಳ್ಳಬೇಕು, ಹುಷಾರು, ಕೂದಲೆಳೆ ಲೆಕ್ಕದ ಮಾತ್ರೆ ಎಂದಿದ್ದರು. ಹೆಂಡತಿ ಮೊದಲು ತರಕಾರಿ ಚಾಕು ಹಿಡಿದಳು. ಒಂದು ಹೋಳು ಹಲಗೆಯ ಮೇಲೆ ಉಳಿಯಿತು, ಇನ್ನೊಂದು ಒಲೆಯ ಹಿಂದೆ ಹಾರಿ ಇವತ್ತಿನವರೆಗೂ ಪತ್ತೆಯಿಲ್ಲ. ಚಮಚದ ಬೆನ್ನಿನ ಮೇಲೆ ಇಟ್ಟು ಎರಡು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಮೂರು ಚೂರಾಯಿತು. ಬಿಡು ನೀನು, ಇದು ಕತ್ತರಿಸುವವನ ಕೆಲಸ ಎಂದು ಅವನು ನಗುತ್ತಾ ಎದ್ದ. ಕೆಲಸದ ಜಾಗದಿಂದ ಹೊಸ ಬ್ಲೇಡು ತಂದ, ಗಾಜಿನ ತುಂಡು ತಂದ, ಮಾತ್ರೆ ಜಾರದ ಹಾಗೆ ಕೆಳಗೆ ತೊಗಲಿನಂಥ ಸ್ಯೂಡ್ ಬಟ್ಟೆ ಹಾಸಿದ, ಅಕ್ಕನ ಹಳೆಯ ಪದ್ಯವೊಂದನ್ನು ಗುನುಗುತ್ತಾ ಉಸಿರು ನಿಲ್ಲುವಲ್ಲಿ ಒತ್ತಿದ. ಟಕ್. ಅಕ್ಕ ಕೂತು ಕೇಳುತ್ತಿದ್ದಳು. "ಮಾತ್ರೆಗೂ ಅಂಗಿ ಹೊಲೀತೀಯೇನೋ?" ಎಂದಳು. ಮೂರೂ ಜನ ನಕ್ಕಿದ್ದರು.

ಆದರೆ ಬಟ್ಟೆ ಬೇರೆ, ಮಾತ್ರೆ ಬೇರೆ. ಬ್ಲೇಡು ನಡುವಿಗೇ ಇಳಿದರೂ ಕಲ್ಲಿನಂಥ ಮಾತ್ರೆ ತನಗೆ ಇಷ್ಟ ಬಂದ ಕಡೆ ಒಡೆಯುತ್ತಿತ್ತು. ಒಂದು ಹೋಳು ಹೊಟ್ಟೆ ಬಂದದ್ದು, ಒಂದು ಹೋಳು ಸೊರಗಿದ್ದು. ಸಮ ಎಂಬುದು ಒಂದೂ ಇರುತ್ತಿರಲಿಲ್ಲ. ಆಗ ಅವನು ಮಾಡಿದ್ದು ಯಾವ ಕಟಿಂಗ್ ಮಾಸ್ಟರಾದರೂ ಯೋಚಿಸದೆ ಮಾಡುವಂಥ ಕೆಲಸ. ಅಳತೆಗಳನ್ನು ಬೆರೆಸಬಾರದು. ಚಿಕ್ಕ ಅಳತೆಯ ತೋಳು ದೊಡ್ಡ ಅಳತೆಯ ಕಟ್ಟಿನೊಳಗೆ ಹೋದರೆ ಇಡೀ ಸಾಲು ಕೆಡುತ್ತದೆ. ಬೆರಳುಗಳು ತಾವಾಗಿಯೇ ವಿಂಗಡಿಸಿದವು. ಸೊರಗಿದವೆಲ್ಲ ಗುಂಡಿಯ ಡಬ್ಬಿಗೆ, ಹೊಟ್ಟೆ ಬಂದವೆಲ್ಲ ಪೆಪ್ಪರ್‌ಮೆಂಟಿನ ಡಬ್ಬಿಗೆ. ಎರಡೂ ಡಬ್ಬಿಯಲ್ಲಿ ಒಂದೇ ಸಮನಾದ ಹೋಳುಗಳ ಸಾಲು ನೋಡಿ ಕಣ್ಣಿಗೆ ತಂಪಾಗಿತ್ತು. ತುಂಡುಗಳನ್ನು ಮೊದಲು ಖರ್ಚು ಮಾಡಬೇಕು, ಅದೂ ಕಸುಬಿನ ಪಾಠವೇ. ಗುಂಡಿಯ ಡಬ್ಬಿಯನ್ನು ಮೊದಲು ಅಕ್ಕನ ಹಾಸಿಗೆಯ ಪಕ್ಕ ಇಟ್ಟ. ದಿನಕ್ಕೊಂದು ತಗೋ ಅಕ್ಕ. ಅಕ್ಕ ತಗೊಂಡಳು. ಎದೆ ಯಾಕೋ ಪೆಡಲ್ ಬಿಟ್ಟ ಯಂತ್ರದ ಹಾಗೆ ಓಡ್ತಾ ಇದೆ ಕಣೋ ಎಂದಳು ಒಂದು ದಿನ. ಇನ್ನೊಂದು ದಿನವೂ ಎಂದಳು. ಹೊಸ ಮಾತ್ರೆಗೆ ಮೈ ಒಗ್ಗಬೇಕು ಅಕ್ಕ ಎಂದ, ಡಾಕ್ಟರ ಹಾಗೆ. ಆ ಡಬ್ಬಿ ಮುಗಿಯಿತು, ಪೆಪ್ಪರ್‌ಮೆಂಟಿನ ಡಬ್ಬಿ ಬಂತು. ಅಕ್ಕನ ನಡೆ ನಿಧಾನವಾಯಿತು, ಗೋಡೆ ಹಿಡಿದು ನಡೆಯತೊಡಗಿದಳು, ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಕಟ್ಟಿ ಕುಸಿದಳು. ಹಣೆ ಬಕೆಟ್ಟಿನ ಅಂಚಿಗೆ ತಗಲಿ ಹುಬ್ಬಿನ ಮೇಲೆ ಹರಿಯಿತು. ಆ ಗಾಯಕ್ಕೆ ಹಾಕಿದ ಹೊಲಿಗೆ ಎಷ್ಟು ಓರೆಕೋರೆ ಎಂದು ಅವನ ಕಣ್ಣು ಅಳೆದದ್ದು, ಅಂಥ ಹೊತ್ತಿನಲ್ಲಿ ಅಳೆದದ್ದು, ಅವನಿಗೆ ಇನ್ನೂ ನಾಚಿಕೆ.

ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದ್ದರು. ಮಾತ್ರೆ ಶುರುವಾದ ಮೇಲೆ ಹೋದ ಸಲ ಬಂದಾಗ ಕುದುರೆ ಓಟ, ಈಗ ಆಮೆ ನಡಿಗೆ. ಆಗ ಮಾತ್ರೆ ತಪ್ಪಿಸಿದಾರೆ, ಈಗ ಎರಡೆರಡು ತಗೊಂಡಿದಾರೆ. ಡಬ್ಬಿ ಯಾರ ಹತ್ತಿರ ಇರುತ್ತೆ? ಅವರ ಹತ್ತಿರಾನೇ ಎಂದಳು ಹೆಂಡತಿ. "ನಾನು ತಪ್ಪಿಸಿಲ್ಲ. ಎರಡೂ ತಗೊಂಡಿಲ್ಲ" ಎಂದಳು ಅಕ್ಕ, ಪಟ್ಟಿ ಕಟ್ಟಿದ ಹಣೆಯನ್ನು ನೇರ ಹಿಡಿದು. ಡಾಕ್ಟರು ಮುಗುಳ್ನಕ್ಕರು, ಮಕ್ಕಳು ಸಕ್ಕರೆ ಕದ್ದಿಲ್ಲ ಎಂದಾಗ ದೊಡ್ಡವರು ನಗುವ ಹಾಗೆ. ಆಗ ಎಲ್ಲರೂ ಅವನ ಕಡೆ ನೋಡಿದರು. ಅವನಿಗೆ ಆ ಕ್ಷಣಕ್ಕೇ ಎರಡು ಡಬ್ಬಿಗಳೂ ಕಣ್ಣ ಮುಂದೆ ಬಂದಿದ್ದವು, ಸಾಲಾಗಿ, ಚೊಕ್ಕಟವಾಗಿ. ಹೇಳಬೇಕೆಂದೇ ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು. "ವಯಸ್ಸಾಯ್ತಲ್ಲ ಡಾಕ್ಟ್ರೇ." ಯಾರ ದನಿ ಅದು? ಬಸ್ಸಿನಲ್ಲಿ ಪಕ್ಕದವರ ಹತ್ತಿರ ಹವಾಮಾನದ ವಿಷಯ ಮಾತಾಡುವ ದನಿ. ಅಕ್ಕ ಮುಖ ತಿರುಗಿಸಿದಳು. ಮಂಜಾದ ಕಣ್ಣು, ಅವನ ಮುಖ ಕಂಡಿತೋ ಇಲ್ಲವೋ, ದನಿ ಬಂದ ಕಡೆಗೆ ಬಹಳ ಹೊತ್ತು ನೋಡಿದಳು. ಮನೆಗೆ ಬಂದವನೇ ಪೆಪ್ಪರ್‌ಮೆಂಟಿನ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಕಸದ ಬುಟ್ಟಿಗೆ ಸುರಿದು, ಮೇಲೆ ಹಳೆ ಪೇಪರು ಮುಚ್ಚಿ, ಹೊಸದಾಗಿ ಕತ್ತರಿಸಿ, ದೊಡ್ಡದು ಚಿಕ್ಕದು ಎಲ್ಲವನ್ನೂ ಒಂದರಲ್ಲೇ ಕಲಸಿಟ್ಟ. ಅಲ್ಲಿಂದಾಚೆ ಹೆಂಡತಿಯೇ ಮಾತ್ರೆ ಕೊಡತೊಡಗಿದಳು, ಅಕ್ಕನ ತಲೆಸುತ್ತು ನಿಂತಿತು. ನೋಡಿದ್ರಾ, ನನ್ನ ಕೈಯಿಂದ ಕೊಟ್ಟ ಮೇಲೆ ಹೇಗೆ ಸರಿಹೋದ್ರು ಎಂದಳು. ನೋಡಿದೆ ಎಂದ. ತಾನು ತಿದ್ದಿದ ತಪ್ಪೇ ಅಕ್ಕನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ತಿಂಡಿಗೆ ಕೂತಾಗ ಹೆಂಡತಿಯ ಸೊಂಟದಲ್ಲಿ ಮಾತ್ರೆ ಇಟ್ಟ ಬೀರುವಿನ ಕೀಲಿ ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಶಾಲೆಯ ಕಚೇರಿಯಲ್ಲಿ ಹಗಲೆಲ್ಲ ಪರರ ಮಕ್ಕಳ ಗಲಾಟೆ ಸಹಿಸಿ ಬಂದು, ಅಕ್ಕನ ಪಾದಕ್ಕೆ ಎಣ್ಣೆ ಸವರುವವಳು. ಅಕ್ಕ ಒಲೆ ಹಚ್ಚಿ ಮರೆತಾಳು ಎಂದು ಹಗಲು ಮನೆ ಬಿಡುವಾಗ ಗ್ಯಾಸ್ ಒಲೆಯ ತಿರುಗಿಸುವ ಗುಬುಟುಗಳನ್ನು ಕಳಚಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಬೀದಿಗೆ ಒಬ್ಬರೇ ಹೋಗಬೇಡಿ ಎಂದಿದ್ದಳು. ಮೊನ್ನೆ ಮಾತ್ರೆ ಕೊಟ್ಟು "ಎಲ್ಲಿ, ಬಾಯಿ ತೆಗೀರಿ ಅಕ್ಕ" ಎಂದಿದ್ದಳು. ಅಕ್ಕ, ಅವನ ಬಾಯಿಗೆ ತುತ್ತಿಟ್ಟ ಅಕ್ಕ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ್ದಳು. ಅವನು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದ್ದ.

"ನಾಳೆ ನಾನು ರಜ ಹಾಕಿದೀನಿ" ಎಂದಳು ಹೆಂಡತಿ. "ನೀವೂ ಅರ್ಧ ದಿನ ಹಾಕಿ. ನೆನಪಿನ ಪರೀಕ್ಷೆ ಅಂದ್ರೆ ಹೊತ್ತು ಹಿಡಿಯುತ್ತಂತೆ."

"ಏನೇನು ಕೇಳ್ತಾರಂತೆ?" ಎಂದಳು ಅಕ್ಕ, ತಟ್ಟೆಯಿಂದ ತಲೆಯೆತ್ತದೆ.

"ಸುಲಭದ್ದೇ ಅಕ್ಕ. ಇವತ್ತು ಯಾವ ವಾರ, ಈ ಊರು ಯಾವುದು, ಗಡಿಯಾರ ಬರೀರಿ, ಮುಳ್ಳು ಹಾಕಿ. ಆಮೇಲೆ ಒಂದಷ್ಟು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳ್ತಾರಂತೆ."

"ಪಾಸಾದ್ರೆ ಒಲೆ ಗುಬುಟು ವಾಪಸ್ ಕೊಡ್ತೀಯೇನಮ್ಮ?"

ಹೆಂಡತಿ ನಕ್ಕಳು. ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಏಕೆಂದರೆ ಅವಳಿಗೆ ಅಕ್ಕ ಫೇಲಾಗುತ್ತಾರೆಂಬುದರಲ್ಲಿ ಸಂಶಯವಿರಲಿಲ್ಲ. ಅಕ್ಕ ನಗಲಿಲ್ಲ. "ಫೇಲಾದ್ರೆ?" ಎಂದಳು. ಅದಕ್ಕೆ ಉತ್ತರ ಹೆಂಡತಿಯ ಹತ್ತಿರ ಇತ್ತು, ಅವನಿಗೆ ಹಾಸಿಗೆಯಲ್ಲಿ ಪಿಸುಗುಟ್ಟಿ ಹೇಳಿದ್ದಳು. ಹಗಲು ಯಾರೂ ಇಲ್ಲದ ಮನೆಯಲ್ಲಿ ಹೀಗೆ ಬಿಟ್ಟು ಹೋಗೋಕಾಗಲ್ಲ, ಅವರನ್ನ ನೋಡಿಕೊಳ್ಳೋ ಒಳ್ಳೆ ಜಾಗ ಇದೆಯಂತೆ, ವಿಚಾರಿಸಿದೀನಿ. ಅವನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ. ಈಗ ಹೇಳಬೇಕು, ಕೈ ತೊಳೆದು ಬಂದು ಹೇಳಬೇಕು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಹೇಳಬೇಕು. ಬೀದಿಗೆ ಬಂದಾಗ ಮಾತು ಅವನ ಜೊತೆಯೇ ಬಂದಿತ್ತು, ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ.

ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಬೂದಿ ಬಣ್ಣದ ಬಟ್ಟೆ ಹಾಸಾಗಿತ್ತು. ಕಟಿಂಗ್ ಯಂತ್ರದ ನೆಟ್ಟನೆಯ ಬ್ಲೇಡು ಝೇಂಕರಿಸುತ್ತಿತ್ತು. ಗೆರೆಯ ಮೇಲೆ ಅದನ್ನು ತಳ್ಳುತ್ತಾ ಅವನಿಗೆ ಕಂಡದ್ದು ಗೆರೆಯಲ್ಲ, ಗೆರೆಯಿಲ್ಲದ ಒಂದು ದುಂಡನೆಯ ಮಾತ್ರೆಯ ಬೆನ್ನು. ಹೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಾಳೆ, ಡಾಕ್ಟರು ಒಂದು ಮಾತು ಬೈಯುತ್ತಾರೆ, ಮುಗಿಯಿತು. ಅಷ್ಟು ಸಣ್ಣದು. ಅಷ್ಟು ಸಣ್ಣದನ್ನು ಅಂದೇ ಹೇಳದೆ ಬಿಟ್ಟದ್ದರಿಂದ ಅದು ದಿನಕ್ಕೊಂದು ಸುತ್ತು ದಪ್ಪವಾಗುತ್ತಾ ಬಂದಿತ್ತು. ಈಗ ಹೇಳಬೇಕಾದದ್ದು ಎರಡು ಡಬ್ಬಿಗಳ ಕಥೆಯಲ್ಲ. ಒಲೆಯ ಗುಬುಟು ಕಳಚುವಾಗ ನೀವು ಎಲ್ಲಿದ್ದಿರಿ, ಬಾಯಿ ತೆಗೆಸಿದಾಗ ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಉತ್ತರ. ಚಪ್ಪಲಿ ಹುಡುಕುತ್ತಿದ್ದೆ. ಮತ್ತು ಅಕ್ಕನಿಗೆ ಏನು ಹೇಳುವುದು? ನಿನ್ನ ಎದೆ ಓಡಿದ್ದಕ್ಕೂ ಕುಂಟಿದ್ದಕ್ಕೂ ನಾನೇ ಕಾರಣ ಎಂಬುದನ್ನು ಅವಳು ಒಂದು ನಗೆಯಲ್ಲಿ ತೇಲಿಸಿಬಿಟ್ಟಾಳು. ವಯಸ್ಸಾಯ್ತಲ್ಲ ಎಂದದ್ದನ್ನು ಯಾವ ನಗೆಯಲ್ಲಿ ತೇಲಿಸಿಯಾಳು? ಅವನು ಚಿಕ್ಕವನಿದ್ದಾಗ ಅಕ್ಕ ಹೇಳುತ್ತಿದ್ದ ಕಥೆಗಳಲ್ಲಿ ದೇವರು ತಪ್ಪು ಮಾಡಿದವನನ್ನು ಬಿಡುತ್ತಿದ್ದ, ಪಕ್ಕದಲ್ಲಿ ಸುಮ್ಮನೆ ನಿಂತವನನ್ನು ಬಿಡುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಎದುರಿನ ಔಷಧದ ಅಂಗಡಿಗೆ ಹೋಗಿ ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ಕೊಂಡು ತಂದ. ಮುಚ್ಚಳದೊಳಗೆ ಬ್ಲೇಡು, ಮಾತ್ರೆ ಕೂರಲು ಮೂಲೆ. ಜೊತೆಗೇ ಕೊಂಡ ಅದೇ ಮಾತ್ರೆಯ ಪಟ್ಟಿಯಿಂದ ಒಂದನ್ನು ಬಿಡಿಸಿ, ಮೂಲೆಗೆ ಒತ್ತಿ, ಮುಚ್ಚಳ ಹಾಕಿದ. ಟಕ್. ತೆಗೆದು ನೋಡಿದರೆ ಅದೇ ಕಥೆ. ಒಂದು ಹೊಟ್ಟೆ ಬಂದದ್ದು, ಒಂದು ಸೊರಗಿದ್ದು, ನಡುವೆ ಸ್ವಲ್ಪ ಹಿಟ್ಟು. ಇನ್ನೊಂದು ಹಾಕಿದ. ಅದೂ ಹಾಗೇ. ಅವನಿಗೆ ಒಳಗೊಳಗೇ ಸಮಾಧಾನವಾಯಿತು, ಯಂತ್ರಕ್ಕೂ ಬರುವುದಿಲ್ಲವಲ್ಲ ಎಂದು. ಆ ಸಮಾಧಾನವನ್ನು ತಾನೇ ಕಂಡುಹಿಡಿದು ಅಸಹ್ಯಪಟ್ಟ. ಅಷ್ಟರಲ್ಲಿ ಹೊಲಿಗೆ ಸಾಲಿನ ಮೇಲ್ವಿಚಾರಕಿ ಅಂಗಿಯೊಂದನ್ನು ಧ್ವಜದ ಹಾಗೆ ಎತ್ತಿ ಹಿಡಿದು ಬಂದಳು. ಕಾರ್ಖಾನೆಯಲ್ಲಿ ಅವಳಿಗೆ ರೇಡಿಯೋ ಎಂದು ಹೆಸರು. ಗುಂಡಿ ಒತ್ತುವುದೂ ಬೇಡ, ತಾನೇ ಹಾಡುತ್ತದೆ.

"ಮಾಸ್ಟ್ರೇ, ಈ ಅಂಗಿ ಹಾಕ್ಕೊಂಡವನ ಗತಿ ನೋಡಿ. ಎಡಗಡೆ ಮೋಡ, ಬಲಗಡೆ ಬಿಸಿಲು!"

ಎದೆಯ ಎರಡು ಭಾಗಗಳ ಬೂದಿ ಬಣ್ಣದಲ್ಲಿ ಒಂದು ಎಳೆ ವ್ಯತ್ಯಾಸ. ಅಳತೆ ಕರಾರುವಾಕ್ಕು, ಬಣ್ಣ ಬೇರೆ. ಒಂದೇ ಅಳತೆಯದೆಂದು ಯಾವುದೋ ಪದರದ ಎಡಕ್ಕೆ ಯಾವುದೋ ಪದರದ ಬಲ ಸೇರಿಬಿಟ್ಟಿತ್ತು.

"ತುಂಡುಗಳನ್ನ ಜೋಡಿಸಿ ಕಟ್ಟು ಕಟ್ಟಿದವರು ಯಾರು?" ಎಂದ.

"ಬೆಳಿಗ್ಗೆಯಿಂದ ಕಟ್ಟಿದೋರು ನೀವೇ ಅಲ್ವಾ. ನಮಗೆಲ್ಲ ಪಾಠ ಹೇಳೋರು ನೀವು. ಒಂದೇ ಪದರದಲ್ಲಿ ಹುಟ್ಟಿದ ಜೋಡೀನ ಸಾಯೋವರೆಗೂ ಬಿಡಿಸಬೇಡಿ ಅಂತ. ಮನೇಲಿ ಜಗಳ ಏನಾದ್ರೂ?"

"ಇಲ್ಲ."

"ಮತ್ತೆ ಅದೇನದು, ಮಾತ್ರೆ ಮುಂದಿಟ್ಟುಕೊಂಡು ಕಣ್ಣು ಬಿಡ್ತಾ ಇದೀರ? ನುಂಗಿ ಮಾಸ್ಟ್ರೇ, ಅದು ನೋಡೋಕಲ್ಲ."

ಅವಳು ಅಂಗಿಯನ್ನು ಮೇಜಿನ ಮೇಲೆ ಎಸೆದು ಹೋದಳು. ಸುತ್ತಲಿದ್ದವರು ನಗು ನುಂಗಿದರು. ಬೇರೆ ದಿನವಾಗಿದ್ದರೆ ಅವಮಾನ ಮೈಯೆಲ್ಲ ಉರಿಸುತ್ತಿತ್ತು. ಇವತ್ತು ಅವನು ಮೇಜಿನ ಮೇಲಿದ್ದ ಎರಡು ಹೋಳುಗಳನ್ನೇ ನೋಡುತ್ತಾ ನಿಂತ. ಒಂದೇ ಪದರದಲ್ಲಿ ಹುಟ್ಟಿದ ಜೋಡಿ. ಹೊಟ್ಟೆ ಬಂದದ್ದರಲ್ಲಿ ಎಷ್ಟು ಹೆಚ್ಚೋ ಸೊರಗಿದ್ದರಲ್ಲಿ ಅಷ್ಟೇ ಕಡಿಮೆ. ಇವತ್ತು ಇದು, ನಾಳೆ ಅದು. ಎರಡು ದಿನಕ್ಕೆ ಲೆಕ್ಕ ಸಮ. ಸಮವಾಗಿ ಕತ್ತರಿಸಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ, ಬಿಡಿಸದಿದ್ದರೆ ಸಾಕು. ಅಂಗಿಗಳಿಗೆ ತಾನು ನಿತ್ಯ ಹೇಳುತ್ತಿದ್ದ ಈ ನೀತಿ ಕೈಗೆಟಕುವಲ್ಲೇ ಇದ್ದಾಗ, ಕೈ ಇನ್ನೊಂದು ನೀತಿಯನ್ನು, ಅಳತೆ ಬೆರೆಸಬೇಡ ಎಂಬುದನ್ನು, ಯಾಕೆ ಎತ್ತಿಕೊಂಡಿತು? ಅವನಿಗೆ ಸಂತೋಷವಾಯಿತು, ಮೂರ್ಖ ಸಂತೋಷ. ದಾರಿ ಸಿಕ್ಕಿತಲ್ಲ. ಇನ್ನು ಅಕ್ಕನ ಎದೆ ಹದವಾಗಿ ನಡೆಯುತ್ತದೆ. ನಡೆದರೆ ಎಲ್ಲ ತಾನಾಗಿ ಸರಿಹೋಗುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ. ಗೆರೆ ಹಾಕಿ ಬಟ್ಟೆಯ ಮೇಲೆ ಹಾಸುವ ಮಾರ್ಕರ್ ಕಾಗದದ ಉಳಿಕೆಗಳನ್ನು ಪೊಟ್ಟಣಕ್ಕೆಂದು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮಧ್ಯಾಹ್ನವೆಲ್ಲ ಗೆರೆಯ ಮೇಲೆ ಬ್ಲೇಡು ನೆಟ್ಟಗೆ ಹೋಯಿತು, ಆದರೂ ಎರಡು ಸಲ ಯಂತ್ರ ನಿಲ್ಲಿಸಿ ಯಾರೋ ಕರೆದ ಹಾಗಾಯಿತೆಂದು ಹಿಂತಿರುಗಿ ನೋಡಿದ.

ಸಂಜೆ, ಹೊರಗೆ ಇನ್ನೂ ಬೆಳಕಿರುವಾಗಲೇ, ಕಿಟಕಿಯ ಕೆಳಗೆ ಚಾಪೆ ಹಾಸಿ ಕೂತ. ಗಾಜು, ಬ್ಲೇಡು, ಚೌಕಾಕಾರದ ಕಾಗದದ ಚೂರುಗಳು. ಹೆಂಡತಿಯಿಂದ ಬೀರು ತೆಗೆಸಿ ಮಾತ್ರೆಗಳನ್ನು ತೆಗೆದುಕೊಂಡಿದ್ದ. ಹೊಸ ಪದ್ಧತಿ ಎಂದಿದ್ದ, ಯಾಕೆ ಎಂದು ಅವಳು ಕೇಳಿರಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಗೋಡೆ ಹಿಡಿಯದೆ ನಡೆದು ಬಂದು ಎದುರಿಗೆ ಕೂತಳು.

"ಏನೋ ಅದು ಟಕ್ ಟಕ್?"

"ನಿನ್ನ ಮಾತ್ರೆ ಅಕ್ಕ."

"ಅದು ಅವಳ ಇಲಾಖೆ ಅಲ್ವೇನೋ ಈಗ?"

"ಕೊಡೋದು ಅವಳ ಇಲಾಖೆ. ಕತ್ತರಿಸೋದು ನಂದು."

"ನುಂಗೋದು ನಂದು. ಸರ್ಕಾರ ಚೆನ್ನಾಗಿ ನಡೀತಾ ಇದೆ." ಅಕ್ಕ ಕೈ ಚಾಚಿದಳು. "ಕೊಡು, ಕಾಗದ ಮಡಚ್ತೀನಿ. ಒಲೆ ಹತ್ರ ಅಂತೂ ಬಿಡಲ್ಲ, ಇದಕ್ಕಾದ್ರೂ ಬಿಡ್ತೀರೋ?"

ಅವನು ಒಂದು ಕಾಗದದ ಮೇಲೆ ಎರಡು ಹೋಳು ಇಟ್ಟು ಅವಳ ಅಂಗೈಗೆ ಕೊಟ್ಟ. ಅಕ್ಕನ ಬೆರಳು ಮಡಚುವ ಮೊದಲು ತಡವಿದವು. ಕಣ್ಣು ಮಂಜಾದ ಮೇಲೆ ಅವಳ ಬೆರಳಿಗೆ ಕಣ್ಣು ಬಂದಿತ್ತು. ಕಾಲರಿನ ಒಳಗಿನ ಹೊಲಿಗೆಯನ್ನು ಮುಟ್ಟಿ ಯಾವ ಕೈ ಹೊಲಿದದ್ದು ಎಂದು ಹೇಳುವವಳು.

"ಒಂದು ದೊಡ್ಡದು, ಒಂದು ಚಿಕ್ಕದು."

"ಎರಡೂ ಒಂದೇ ಮಾತ್ರೆದು. ಒಂದು ದಿನ ದೊಡ್ಡದು, ಮಾರನೇ ದಿನ ಅದರದ್ದೇ ಚಿಕ್ಕದು. ಎರಡು ದಿನಕ್ಕೆ ಒಂದು ಪೂರ್ತಿ ಮಾತ್ರೆ. ಲೆಕ್ಕ ಸರಿಹೋಗುತ್ತೆ."

"ಓಹೋ. ಜಾಣ." ಅವಳು ಮಡಚಿದಳು, ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ಎಳೆದು, ಅಂಗಿಯ ಪಟ್ಟಿ ಮಡಚುವ ಹಾಗೆ. ಇನ್ನೊಂದಕ್ಕೆ ಕೈ ಚಾಚಿದಳು. ಅದನ್ನೂ ತಡವಿದಳು. ಅವನ ಬ್ಲೇಡು ಮುಂದಿನ ಮಾತ್ರೆಯ ಮೇಲೆ ನಿಂತಿತ್ತು, ಒತ್ತಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಮೊದಲು ಹೀಗಿರಲಿಲ್ಲ" ಎಂದಳು ಅಕ್ಕ. ಸಹಜವಾಗಿ, ಹಳೆ ಮನೆಯ ಕಿಟಕಿ ಯಾವ ಕಡೆಗಿತ್ತು ಎಂದು ನೆನೆಯುವ ಹಾಗೆ. "ಗುಂಡಿ ಡಬ್ಬಿ ಇದ್ದಾಗ ಬರೀ ಚಿಕ್ಕವೇ ಬರ್ತಿದ್ದವು. ನಾಲಿಗೆ ಮೇಲೆ ಇಟ್ಟರೆ ಇಟ್ಟದ್ದೇ ಗೊತ್ತಾಗ್ತಿರಲಿಲ್ಲ. ಆಮೇಲೆ ಪೆಪ್ಪರ್‌ಮೆಂಟ್ ವಾಸನೆ ಡಬ್ಬಿ ಬಂತು. ಅದರಲ್ಲಿ ಬರೀ ದೊಡ್ಡವು, ಒಂದೊಂದೂ ಗಂಟಲಲ್ಲಿ ಅಡ್ಡ ಕೂರೋವು. ಅದು ಬಂದಮೇಲೇ ಬಚ್ಚಲಲ್ಲಿ ಬಿದ್ದದ್ದು."

ಅವನು ಗಾಜಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಒಂದು ಕಡೆ ಸೇರಿಸಿದ.

"ನಾನು ಅಂದ್ಕೊಂಡೆ, ಡಾಕ್ಟ್ರು ಹಾಗೆ ಹೇಳಿರಬೇಕು, ಮೊದಲು ಕಮ್ಮಿ ಕೊಟ್ಟು ಆಮೇಲೆ ಜಾಸ್ತಿ ಮಾಡ್ತಿದಾನೆ ಹುಡುಗ ಅಂತ. ಕತ್ತರಿಸೋನು ನೀನು. ನಿನ್ನ ಕೈಗೆ ನಾನು ಮಾತು ಹೇಳೋದೇನು." ಅವಳ ಬೆರಳು ಕಾಗದದ ಮೇಲೆ ನಿಂತವು. "ಡಾಕ್ಟ್ರು ಹೇಳಿದ್ರೇನೋ ಪುಟ್ಟಾ?"

"ಇಲ್ಲ" ಎಂದ.

ಬಿತ್ತು. ಹೊರಬಿದ್ದಾಗ ಇಷ್ಟೇ ಇತ್ತು. ಆಕಾಶ ಕಳಚಲಿಲ್ಲ. ಅಕ್ಕ ತಲೆದೂಗಿದಳು, ಒಂದು ಸಲ. ಆಮೇಲೆ ಕಾಗದ ಮಡಚತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು, ಹಣೆಯ ಗಾಯ ಮುಟ್ಟಿಕೊಂಡಿದ್ದರೂ ಚೆನ್ನಾಗಿತ್ತು. ಅವಳು ಮಡಚಿದಳು, ಪಕ್ಕಕ್ಕಿಟ್ಟಳು, ಕೈ ಚಾಚಿದಳು, ಅವನು ಕೊಟ್ಟ, ಮಡಚಿದಳು. ಅವನ ಬ್ಲೇಡು ಮತ್ತೆ ಒತ್ತತೊಡಗಿತು, ಬೇರೆ ಏನು ಮಾಡುವುದೆಂದು ತಿಳಿಯದೆ. ಕಿಟಕಿಯ ಬೆಳಕು ಚಾಪೆಯ ಅಂಚಿಗೆ ಸರಿದಿತ್ತು. ಆ ಟಕ್ ಟಕ್ಕಿನ ಮೇಲೆ ಅವಳ ದನಿ ತಾನಾಗಿ ಏರಿತು, ಹಿಂದೆ ಅವನ ಬೆರಳಿನ ಮೇಲೆ ಬೆರಳಿಟ್ಟು ಹಾಡುತ್ತಿದ್ದ ಅದೇ ನಿಧಾನದಲ್ಲಿ.

"ತೂಗಿ ಕೊಟ್ಟವನರಿಯ ತೂಕವ, ಬಾಗಿ ಪಡೆದವನರಿವನೆಲ್ಲವ..."

ಎಲ್ಲೂ ತಡೆಯಲಿಲ್ಲ. ಮುಂದಿನ ಸಾಲಿಗೆ ಹೋಯಿತು, ಅದರ ಮುಂದಿನದಕ್ಕೆ ಹೋಯಿತು, ಪದ್ಯ ಮುಗಿದು ರಾಗ ಮಾತ್ರ ಸ್ವಲ್ಪ ಹೊತ್ತು ಉಳಿಯಿತು. ಅವನ ಎದೆಯಲ್ಲಿ ಏನೋ ಸಡಿಲಾಯಿತು. ಮತ್ತು ಆ ಸಡಿಲಾದ ಜಾಗಕ್ಕೆ, ನೀರು ತಗ್ಗು ಹುಡುಕಿ ಬರುವ ಹಾಗೆ, ಆ ಯೋಚನೆ ಬಂತು. ಅದು ಎಷ್ಟು ಕೀಳು ಎಂದು ಆ ಕ್ಷಣ ಅವನಿಗೆ ತೋರಲಿಲ್ಲ. ಎಲ್ಲರಿಗೂ ಒಳ್ಳೆಯದಾಗುವ ದಾರಿ ಎಂದೇ ತೋರಿತು.

"ಅಕ್ಕಾ, ನಾಳೆ ಬೇಗ ಎದ್ದು ಹೊರಡಬೇಕು, ನೆನಪಿರಲಿ!" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ನೆನಪಿರಲಿ ಎಂದದ್ದು ತನಗೇ ಕೇಳಿಸಿತೋ ಏನೋ, "ನಾನೇ ಎಬ್ಬಿಸ್ತೀನಿ ಬಿಡಿ" ಎಂದು ಸೇರಿಸಿದಳು.

ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಅಕ್ಕ, ನೋಡು, ನಿನಗೆ ಎಲ್ಲ ನೆನಪಿದೆ. ಒಂದಕ್ಷರ ತಪ್ಪಲಿಲ್ಲ ಈಗ. ನಾಳೆ ಹೋಗಿ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬಂದುಬಿಡು. ಗಡಿಯಾರ ಬರಿ ಅಂದ್ರೆ ಬರಿ. ನೆನಪು ಚೆನ್ನಾಗಿದೆ ಅಂತ ಡಾಕ್ಟ್ರೇ ಹೇಳ್ತಾರೆ. ಅವಳು ಕೀಲಿ ಕೊಡ್ತಾಳೆ, ಒಲೆ ಬಿಡ್ತಾಳೆ, ಎಲ್ಲ ಮೊದಲಿನ ಹಾಗೆ ಆಗುತ್ತೆ. ಈ ಡಬ್ಬಿ ವಿಷಯ..." ಅಡುಗೆಮನೆಯ ಕಡೆ ಒಮ್ಮೆ ನೋಡಿದ. "ಈ ಡಬ್ಬಿ ವಿಷಯ ಯಾರಿಗೂ ಹೇಳೋದ್ಯಾಕೆ? ನಮ್ಮಿಬ್ಬರಲ್ಲೇ ಇರಲಿ. ನನಗೋಸ್ಕರ ಒಂದು ಸಲ ಹೋಗಿ ಬಾ ಅಕ್ಕ."

ಅಕ್ಕ ಕೈಯಲ್ಲಿದ್ದ ಪೊಟ್ಟಣವನ್ನು ಮುಗಿಸಿ, ಉಳಿದವುಗಳ ಸಾಲಿಗೆ ಸೇರಿಸಿ, ಅಂಚು ನೇರ ಮಾಡಿದಳು. ಡಾಕ್ಟರ ಕೋಣೆಯಲ್ಲಿ ನೋಡಿದ ಹಾಗೆಯೇ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಈ ಸಲ ಮುಖ ಹತ್ತಿರವಿತ್ತು, ಅವನನ್ನು ಕಂಡಳು.

"ನಾನು ಮರೆತಿರಲಿಲ್ಲ" ಎಂದಳು.

"ಗೊತ್ತು ಅಕ್ಕ. ಅದಕ್ಕೇ..."

"ಮರೆತೆ ಅಂತ ನಾನೇ ನಂಬಿಬಿಟ್ಟಿದ್ದೆ ಕಣೋ. ಬೆಳಿಗ್ಗೆ ಲೋಟ ಮೂಸಿ ನೋಡಿದೆ."

"ಅಕ್ಕ, ನಾಳೆ ಒಂದು ದಿನ..."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಸೆರಗಿಗೆ ಕೈ ಒರೆಸುತ್ತಾ ಬರುವ ಹೆಜ್ಜೆ, ಕೀಲಿಯ ಸಣ್ಣ ಸದ್ದು. ಅಕ್ಕ ಕಾದಳು, ಆ ಹೆಜ್ಜೆ ಹೊಸ್ತಿಲಿಗೆ ಬರುವವರೆಗೆ. ಆಮೇಲೆ ಪದ್ಯ ಹೇಳುವ ಪೂರ್ತಿ ದನಿಯಲ್ಲಿ, ಇಬ್ಬರಿಗೂ ಕೇಳುವ ಹಾಗೆ, ಹೇಳಿದಳು:

"ನಾನು ಹೋಗಲ್ಲ."